ಕಲ್ಯಾಣ ಕರ್ನಾಟಕ ಕುರಿತ ವಿದ್ವತ್ ಗ್ರಂಥ ಪ್ರಕಟಣೆ

ಕಲ್ಯಾಣ ಕರ್ನಾಟಕ ಕುರಿತ ವಿದ್ವತ್ ಗ್ರಂಥ ಪ್ರಕಟಣೆ ಎಂಬುದು ಕರ್ನಾಟಕದ ಈಶಾನ್ಯ ಭಾಗದ ಸಮಕಾಲೀನ ರಾಜಕೀಯ, ಆರ್ಥಿಕತೆ ಮತ್ತು ಸಮಾಜವನ್ನು ವಿಷಯವಾಗಿ ಉಳ್ಳ ಸಂಶೋಧನ ಗ್ರಂಥಗಳು, ಸಂಪಾದಿತ ಸಂಪುಟಗಳು ಮತ್ತು ಅಧ್ಯಯನ ವರದಿಗಳ ರಚನೆ, ಮುದ್ರಣ ಹಾಗೂ ವಿತರಣೆಗೆ ಸಂಬಂಧಿಸಿದ ಕ್ಷೇತ್ರವಾಗಿದೆ. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ ಮತ್ತು ವಿಜಯನಗರ ಜಿಲ್ಲೆಗಳು ಈ ಪ್ರದೇಶಕ್ಕೆ ಸೇರುತ್ತವೆ. 2019ರವರೆಗೆ ಇದನ್ನು ಅಧಿಕೃತವಾಗಿ ಹೈದರಾಬಾದ್ ಕರ್ನಾಟಕ ಎಂದು ಕರೆಯಲಾಗುತ್ತಿತ್ತು. ಗುಲಬರ್ಗಾ ವಿಶ್ವವಿದ್ಯಾಲಯ ಮತ್ತು ಹಂಪಿಯ ಕನ್ನಡ ವಿಶ್ವವಿದ್ಯಾಲಯಗಳ ಪ್ರಸಾರಾಂಗಗಳು, ಕಲಬುರಗಿ ಹಾಗೂ ಬಳ್ಳಾರಿಯ ಖಾಸಗಿ ಪ್ರಕಾಶನಗಳು, ಮಠಗಳ ಅಧ್ಯಯನ ಸಂಸ್ಥೆಗಳು ಮತ್ತು ಸರ್ಕಾರಿ ಸಮಿತಿಗಳು ಈ ಕ್ಷೇತ್ರದ ಮುಖ್ಯ ಪ್ರಕಾಶಕರಾಗಿವೆ.

ಈ ಪ್ರದೇಶದ ಮಟ್ಟಿಗೆ ಅಧ್ಯಯನ ಗ್ರಂಥಗಳಿಗೆ ನೇರವಾದ ರಾಜಕೀಯ ಪರಿಣಾಮವಿದೆ. ಪ್ರಾದೇಶಿಕ ಅಸಮಾನತೆಯನ್ನು ಅಂಕಿಅಂಶಗಳ ಮೂಲಕ ನಿರೂಪಿಸಿದ ವರದಿಗಳು ವಿಶೇಷ ಅಭಿವೃದ್ಧಿ ಯೋಜನೆಗೂ ಸಂವಿಧಾನದ 371(ಜೆ) ವಿಧಿಯ ಬೇಡಿಕೆಗೂ ಆಧಾರ ಒದಗಿಸಿದವು. ಆದರೆ ಈ ವರದಿಗಳಲ್ಲಿ ಹೆಚ್ಚಿನವು ಇಂಗ್ಲಿಷಿನಲ್ಲಿವೆ, ಮತ್ತು ಅವು ಜಿಲ್ಲೆ ಅಥವಾ ತಾಲ್ಲೂಕಿನ ಸರಾಸರಿಯನ್ನು ಮಾತ್ರ ನೀಡುತ್ತವೆ. ಆಳಂದ, ಅಫಜಲಪುರ, ಜೇವರ್ಗಿಯಂತಹ ತಾಲ್ಲೂಕುಗಳ ಹೋಬಳಿ ಮತ್ತು ಗ್ರಾಮ ಮಟ್ಟದ ಜನಜೀವನವನ್ನು ಕುರಿತ ಬರಹಗಳು ಹೆಚ್ಚಾಗಿ ಅಪ್ರಕಟಿತ ಮಹಾಪ್ರಬಂಧಗಳಲ್ಲಿ ಉಳಿದಿವೆ.

ಚಾರಿತ್ರಿಕ ಹಿನ್ನೆಲೆ

ಇಂದಿನ ಕಲಬುರಗಿ, ಬೀದರ್, ಯಾದಗಿರಿ, ರಾಯಚೂರು ಮತ್ತು ಕೊಪ್ಪಳ ಜಿಲ್ಲೆಗಳ ಪ್ರದೇಶವು ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. ಸಂಸ್ಥಾನದ ಆಡಳಿತ ಭಾಷೆ ಉರ್ದು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನಾ ಮಾಧ್ಯಮವೂ ಉರ್ದುವೇ ಆಗಿತ್ತು. ಅದಕ್ಕೆ ಬೇಕಾದ ಪಠ್ಯಗಳನ್ನು ಸಿದ್ಧಪಡಿಸಲು 1917ರಲ್ಲಿ ಪ್ರತ್ಯೇಕ ಅನುವಾದ ಸಂಸ್ಥೆಯನ್ನು ಆರಂಭಿಸಲಾಯಿತು. ಕನ್ನಡದಲ್ಲಿ ಉನ್ನತ ಶಿಕ್ಷಣಕ್ಕಾಗಲಿ ವಿದ್ವತ್ ಪ್ರಕಟಣೆಗಾಗಲಿ ಸಂಸ್ಥಾನದಲ್ಲಿ ಅಂತಹ ಏರ್ಪಾಡು ಇರಲಿಲ್ಲ. ಇದೇ ಕಾಲದಲ್ಲಿ ಮೈಸೂರು ಸಂಸ್ಥಾನವು 1916ರಲ್ಲಿ ತನ್ನ ವಿಶ್ವವಿದ್ಯಾಲಯವನ್ನು ಸ್ಥಾಪಿಸಿತು. 1930ರ ದಶಕದಿಂದ ಆ ವಿಶ್ವವಿದ್ಯಾಲಯದ ಪ್ರಚಾರೋಪನ್ಯಾಸ ಮಾಲೆಯ ಕಿರುಪುಸ್ತಕಗಳು ವಿವಿಧ ಶಾಸ್ತ್ರಗಳನ್ನು ಕನ್ನಡದಲ್ಲಿ ಜನರಿಗೆ ತಲುಪಿಸತೊಡಗಿದ್ದವು. ಎರಡೂ ಭಾಗಗಳ ನಡುವಿನ ಗ್ರಂಥಸಂಪತ್ತಿನ ಅಂತರವು ಹೀಗೆ ಏಕೀಕರಣಕ್ಕೆ ಮೊದಲೇ ಉಂಟಾಗಿತ್ತು.

ಕಲಬುರಗಿಯಲ್ಲಿ 1907ರಲ್ಲಿ ಆರಂಭವಾದ ನೂತನ ವಿದ್ಯಾಲಯದಂತಹ ಖಾಸಗಿ ಶಾಲೆಗಳು ಹಾಗೂ ಸಾಹಿತ್ಯ ಸಮ್ಮೇಳನಗಳು ಸಂಸ್ಥಾನದ ಕನ್ನಡಿಗರ ಬೌದ್ಧಿಕ ಚಟುವಟಿಕೆಗೆ ನೆಲೆಯೊದಗಿಸಿದವು. 1928ರಲ್ಲಿ ಬಿ. ಎಂ. ಶ್ರೀಕಂಠಯ್ಯನವರ ಅಧ್ಯಕ್ಷತೆಯಲ್ಲಿಯೂ 1949ರಲ್ಲಿ ಉತ್ತಂಗಿ ಚನ್ನಪ್ಪನವರ ಅಧ್ಯಕ್ಷತೆಯಲ್ಲಿಯೂ ಕನ್ನಡ ಸಾಹಿತ್ಯ ಸಮ್ಮೇಳನಗಳು ಕಲಬುರಗಿಯಲ್ಲಿ ನಡೆದವು. ಈ ಎರಡು ಸಮ್ಮೇಳನಗಳ ನಡುವಿನ ಅವಧಿಯಲ್ಲಿ, 1948ರ ಸೆಪ್ಟೆಂಬರ್ 17ರಂದು, ಹೈದರಾಬಾದ್ ಸಂಸ್ಥಾನವು ಭಾರತೀಯ ಸೇನೆಗೆ ಶರಣಾಯಿತು. 1956ರ ನವೆಂಬರ್ 1ರಂದು ಸಂಸ್ಥಾನದ ಕನ್ನಡ ಭಾಗವು ವಿಶಾಲ ಮೈಸೂರು ರಾಜ್ಯದಲ್ಲಿ ವಿಲೀನಗೊಂಡಿತು. ಬಳ್ಳಾರಿಯು ನಿಜಾಮರ ಆಳ್ವಿಕೆಯಿಂದಲ್ಲದೆ ಮದರಾಸು ಪ್ರಾಂತ್ಯದಿಂದ ಬಂದ ಜಿಲ್ಲೆ. ಅದು 1953ರಲ್ಲಿಯೇ ಮೈಸೂರಿಗೆ ಸೇರಿತ್ತು.

ಏಕೀಕರಣದ ನಂತರವೂ ಈ ಭಾಗದ ವಿದ್ಯಾರ್ಥಿಗಳು ಸ್ನಾತಕೋತ್ತರ ಅಧ್ಯಯನಕ್ಕೆ ಧಾರವಾಡ ಅಥವಾ ಹೈದರಾಬಾದಿಗೆ ಹೋಗಬೇಕಾಗಿತ್ತು. 1970ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯವು ಕಲಬುರಗಿಯಲ್ಲಿ ಸ್ನಾತಕೋತ್ತರ ಕೇಂದ್ರವನ್ನು ತೆರೆಯಿತು. ಅದೇ ಕೇಂದ್ರವು 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯವಾಯಿತು.

ಸರ್ಕಾರಿ ವರದಿಗಳು ಮತ್ತು ಅವುಗಳ ಪರಿಣಾಮ

ಪ್ರದೇಶದ ಸಮಕಾಲೀನ ಸ್ಥಿತಿಯನ್ನು ದಾಖಲಿಸಿದ ಆರಂಭದ ಮುದ್ರಿತ ಆಕರಗಳಲ್ಲಿ 1966ರಲ್ಲಿ ಪ್ರಕಟವಾದ ಗುಲಬರ್ಗಾ ಜಿಲ್ಲಾ ಗ್ಯಾಸೆಟಿಯರ್ ಮುಖ್ಯವಾದುದು. ಜಿಲ್ಲೆಯ ಭೂಗೋಳ, ಇತಿಹಾಸ, ಕೃಷಿ, ಆಡಳಿತ ಮತ್ತು ಜನಸಮುದಾಯಗಳ ವಿವರಗಳನ್ನು ಅದು ಒಂದೇ ಸಂಪುಟದಲ್ಲಿ ನೀಡುತ್ತದೆ.

ಹಿಂದುಳಿದಿರುವಿಕೆಯನ್ನೇ ಅಧ್ಯಯನದ ವಿಷಯವಾಗಿಸಿದ ವರದಿಗಳು 1980ರ ದಶಕದಲ್ಲಿ ಬಂದವು. ಜೇವರ್ಗಿ ಕ್ಷೇತ್ರವನ್ನು ವಿಧಾನಸಭೆಯಲ್ಲಿ ದೀರ್ಘಕಾಲ ಪ್ರತಿನಿಧಿಸಿದ ಮತ್ತು ಮುಂದೆ 2004ರಿಂದ 2006ರವರೆಗೆ ಮುಖ್ಯಮಂತ್ರಿಯಾಗಿದ್ದ ಎನ್. ಧರ್ಮಸಿಂಗ್ ಅವರ ನೇತೃತ್ವದ ಹೈದರಾಬಾದ್ ಕರ್ನಾಟಕ ಅಭಿವೃದ್ಧಿ ಸಮಿತಿಯು 1981ರಲ್ಲಿ ವರದಿ ನೀಡಿತು. ಪ್ರದೇಶಕ್ಕೆ ಪ್ರತ್ಯೇಕ ಅಭಿವೃದ್ಧಿ ಮಂಡಳಿ ಬೇಕೆಂಬ ವಾದಕ್ಕೆ ಈ ವರದಿ ಬಲ ನೀಡಿತು. 1991ರ ಕಾಯ್ದೆಯ ಅನ್ವಯ ಹೈದರಾಬಾದ್ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯು ರಚನೆಯಾಯಿತು.

ಈ ಸಾಲಿನಲ್ಲಿ ಅತಿ ಹೆಚ್ಚು ಉಲ್ಲೇಖಕ್ಕೆ ಒಳಗಾಗುವ ಗ್ರಂಥವೆಂದರೆ ಅರ್ಥಶಾಸ್ತ್ರಜ್ಞ ಡಿ. ಎಂ. ನಂಜುಂಡಪ್ಪ ಅವರ ಅಧ್ಯಕ್ಷತೆಯ ಪ್ರಾದೇಶಿಕ ಅಸಮಾನತೆ ನಿವಾರಣಾ ಉನ್ನತಾಧಿಕಾರ ಸಮಿತಿಯ ವರದಿ. 2000ದಲ್ಲಿ ರಚನೆಯಾದ ಸಮಿತಿಯು 2002ರ ಜೂನ್ ತಿಂಗಳಲ್ಲಿ ವರದಿಯನ್ನು ಸಲ್ಲಿಸಿತು. ಸಮಿತಿಯು 35 ಸೂಚಕಗಳನ್ನು ಆಧರಿಸಿ, ಅಂದು ರಾಜ್ಯದಲ್ಲಿದ್ದ 175 ತಾಲ್ಲೂಕುಗಳಿಗೂ ಒಂದು ಸಂಯುಕ್ತ ಅಭಿವೃದ್ಧಿ ಸೂಚ್ಯಂಕವನ್ನು ಸಿದ್ಧಪಡಿಸಿತು. ರಾಜ್ಯದ ಸರಾಸರಿಯನ್ನು 1 ಎಂದು ಹಿಡಿದು, ಅದಕ್ಕಿಂತ ಕಡಿಮೆ ಅಂಕ ಪಡೆದ 114 ತಾಲ್ಲೂಕುಗಳನ್ನು ಹಿಂದುಳಿದವು ಎಂದು ಗುರುತಿಸಲಾಯಿತು. ಇವುಗಳಲ್ಲಿ 35 ಹಿಂದುಳಿದ, 40 ಅತಿ ಹಿಂದುಳಿದ ಮತ್ತು 39 ಅತ್ಯಂತ ಹಿಂದುಳಿದ ತಾಲ್ಲೂಕುಗಳಾಗಿದ್ದವು. ಅತ್ಯಂತ ಹಿಂದುಳಿದ 39 ತಾಲ್ಲೂಕುಗಳ ಪೈಕಿ 21 ಗುಲಬರ್ಗಾ ವಿಭಾಗಕ್ಕೆ ಸೇರಿದ್ದವು. ಆಳಂದ, ಅಫಜಲಪುರ ಮತ್ತು ಜೇವರ್ಗಿ ಮೂರೂ ಈ ಪಟ್ಟಿಯಲ್ಲಿದ್ದವು. ಅಸಮಾನತೆ ನಿವಾರಣೆಗೆ ಎಂಟು ವರ್ಷಗಳಲ್ಲಿ 31,000 ಕೋಟಿ ರೂಪಾಯಿಗಳ ವಿಶೇಷ ಅಭಿವೃದ್ಧಿ ಯೋಜನೆಯನ್ನು ಸಮಿತಿ ಶಿಫಾರಸು ಮಾಡಿತು. ಯೋಜನೆಯ ಅನುಷ್ಠಾನ 2007–08ರಲ್ಲಿ ಆರಂಭವಾಯಿತು.

ಇದೇ ಅವಧಿಯಲ್ಲಿ ಕರ್ನಾಟಕ ಮಾನವ ಅಭಿವೃದ್ಧಿ ವರದಿಗಳು 1999 ಮತ್ತು 2005ರಲ್ಲಿ ಪ್ರಕಟವಾದವು. 2005ರ ವರದಿಯಲ್ಲಿ 2001ನೇ ಸಾಲಿನ ಮಾನವ ಅಭಿವೃದ್ಧಿ ಸೂಚ್ಯಂಕವು ರಾಜ್ಯಕ್ಕೆ 0.650, ಗುಲಬರ್ಗಾ ಜಿಲ್ಲೆಗೆ 0.564 ಮತ್ತು ರಾಯಚೂರು ಜಿಲ್ಲೆಗೆ 0.547 ಆಗಿತ್ತು. ಅಂದಿನ 27 ಜಿಲ್ಲೆಗಳಲ್ಲಿ ಈ ಎರಡು ಜಿಲ್ಲೆಗಳು ಕೊನೆಯ ಎರಡು ಸ್ಥಾನಗಳಲ್ಲಿದ್ದವು. ರಾಜ್ಯದಲ್ಲಿ ಮೊದಲು ಜಿಲ್ಲಾ ಮಟ್ಟದ ಮಾನವ ಅಭಿವೃದ್ಧಿ ವರದಿ ಸಿದ್ಧವಾದ ನಾಲ್ಕು ಜಿಲ್ಲೆಗಳಲ್ಲಿ ಗುಲಬರ್ಗಾ ಒಂದು.

ಆಂಧ್ರಪ್ರದೇಶಕ್ಕೆ ಸಂಬಂಧಿಸಿದ 371(ಡಿ) ವಿಧಿಯ ಮಾದರಿಯಲ್ಲಿ ತಮಗೂ ಸ್ಥಾನಮಾನ ಬೇಕೆಂದು ವೈಜನಾಥ ಪಾಟೀಲ ಮೊದಲಾದವರು ನಡೆಸಿದ ದೀರ್ಘ ಹೋರಾಟದಲ್ಲಿ ಈ ಅಂಕಿಅಂಶಗಳು ಭಾಷಣ, ಮನವಿ ಮತ್ತು ಕಿರುಹೊತ್ತಿಗೆಗಳ ಮುಖ್ಯ ಆಧಾರವಾಗಿದ್ದವು. ಸಂವಿಧಾನದ 98ನೇ ತಿದ್ದುಪಡಿಯ ಮೂಲಕ 371(ಜೆ) ವಿಧಿಯು 2013ರಲ್ಲಿ ಜಾರಿಗೆ ಬಂದಿತು. ಇದರ ಅನ್ವಯ ಪ್ರದೇಶದ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 70ರಷ್ಟು ಸ್ಥಾನಗಳನ್ನು ಮತ್ತು ವೃಂದವನ್ನು ಅನುಸರಿಸಿ ಶೇ. 75ರಿಂದ 85ರವರೆಗೆ ಸ್ಥಳೀಯ ಸರ್ಕಾರಿ ಹುದ್ದೆಗಳನ್ನು ಸ್ಥಳೀಯರಿಗೆ ಮೀಸಲಿಡಲಾಗಿದೆ. ನಂಜುಂಡಪ್ಪ ವರದಿಯ ನಂತರದ ಸ್ಥಿತಿಗತಿಯ ಅಧ್ಯಯನಕ್ಕಾಗಿ ರಾಜ್ಯ ಸರ್ಕಾರವು 2024ರಲ್ಲಿ ಅರ್ಥಶಾಸ್ತ್ರಜ್ಞ ಎಂ. ಗೋವಿಂದರಾವ್ ಅವರ ಅಧ್ಯಕ್ಷತೆಯಲ್ಲಿ ಹೊಸ ಸಮಿತಿಯನ್ನು ರಚಿಸಿತು.

ವಿಶ್ವವಿದ್ಯಾಲಯಗಳ ಪ್ರಸಾರಾಂಗಗಳು

ಕರ್ನಾಟಕದ ವಿಶ್ವವಿದ್ಯಾಲಯಗಳಲ್ಲಿ ಪುಸ್ತಕ ಪ್ರಕಟಣೆಯ ವಿಭಾಗವನ್ನು ಪ್ರಸಾರಾಂಗ ಎಂದು ಕರೆಯಲಾಗುತ್ತದೆ. ಗುಲಬರ್ಗಾ ವಿಶ್ವವಿದ್ಯಾಲಯದ ಪ್ರಸಾರಾಂಗವು ಪಠ್ಯಪುಸ್ತಕಗಳು, ಪ್ರಚಾರೋಪನ್ಯಾಸಗಳು, ವಿಚಾರ ಸಂಕಿರಣದ ಪ್ರಬಂಧಗಳು ಮತ್ತು ಸಂಶೋಧನ ಗ್ರಂಥಗಳನ್ನು ಹೊರತರುತ್ತದೆ. ವಚನ ಸಾಹಿತ್ಯ, ತತ್ವಪದ, ಜನಪದ ಮತ್ತು ಶಾಸನಗಳಿಗೆ ಸಂಬಂಧಿಸಿದ ಕೃತಿಗಳು ಇಲ್ಲಿನ ಕನ್ನಡ ಪ್ರಕಟಣೆಗಳಲ್ಲಿ ಪ್ರಮುಖ ಸ್ಥಾನ ಪಡೆದಿವೆ. ರಾಜ್ಯಶಾಸ್ತ್ರ, ಸಮಾಜಶಾಸ್ತ್ರ ಮತ್ತು ಅರ್ಥಶಾಸ್ತ್ರ ವಿಭಾಗಗಳ ಸಂಶೋಧನೆಗಳು ಬಹುಮಟ್ಟಿಗೆ ಇಂಗ್ಲಿಷಿನಲ್ಲಿ ನಡೆಯುತ್ತವೆ. ಆದ್ದರಿಂದ ಪ್ರದೇಶದ ಸಂಸ್ಕೃತಿ ಕುರಿತ ವಿದ್ವತ್ತು ಕನ್ನಡದಲ್ಲಿಯೂ ರಾಜಕೀಯ ಮತ್ತು ಆರ್ಥಿಕತೆ ಕುರಿತ ವಿದ್ವತ್ತು ಇಂಗ್ಲಿಷಿನಲ್ಲಿಯೂ ಬೆಳೆದು, ಇವೆರಡರ ನಡುವೆ ಕೊಡುಕೊಳ್ಳುವಿಕೆ ಕಡಿಮೆಯಾಗಿದೆ.

1991ರಲ್ಲಿ ಸ್ಥಾಪನೆಯಾದ ಹಂಪಿಯ ಕನ್ನಡ ವಿಶ್ವವಿದ್ಯಾಲಯವು ಸಂಶೋಧನೆಯನ್ನು ಕನ್ನಡದಲ್ಲಿಯೇ ನಡೆಸುವ ಉದ್ದೇಶ ಹೊಂದಿದೆ. ಅದರ ಅಭಿವೃದ್ಧಿ ಅಧ್ಯಯನ, ಚರಿತ್ರೆ, ಬುಡಕಟ್ಟು ಅಧ್ಯಯನ ಮತ್ತು ಮಹಿಳಾ ಅಧ್ಯಯನ ವಿಭಾಗಗಳು ಸಮಾಜ ವಿಜ್ಞಾನದ ಪರಿಭಾಷೆಯನ್ನು ಕನ್ನಡದಲ್ಲಿ ರೂಢಿಸಲು ಯತ್ನಿಸಿವೆ. ಅಭಿವೃದ್ಧಿ ಅಧ್ಯಯನ ವಿಭಾಗದ ಪ್ರಾಧ್ಯಾಪಕರಾಗಿದ್ದ ಟಿ. ಆರ್. ಚಂದ್ರಶೇಖರ ಅವರು ಪ್ರಾದೇಶಿಕ ಅಸಮಾನತೆ, ಲಿಂಗ ಸಂಬಂಧಗಳು ಮತ್ತು ನಂಜುಂಡಪ್ಪ ವರದಿ ಕುರಿತು ಕನ್ನಡದಲ್ಲಿ ನಿರಂತರವಾಗಿ ಬರೆದವರಲ್ಲಿ ಪ್ರಮುಖರು. ಇಂಗ್ಲಿಷ್ ವರದಿಯ ಕೋಷ್ಟಕಗಳನ್ನು ಕನ್ನಡ ಓದುಗರ ಚರ್ಚೆಗೆ ತಂದ ಬರವಣಿಗೆಗಳಲ್ಲಿ ಅವರ ಕೃತಿಗಳು ಸೇರಿವೆ. ಇದೇ ವಿಶ್ವವಿದ್ಯಾಲಯದ ರಹಮತ್ ತರೀಕೆರೆ ಅವರ ‘ಕರ್ನಾಟಕದ ಸೂಫಿಗಳು’ ಕೃತಿಯು ಗ್ರಂಥಗಳ ಜೊತೆಗೆ ಕ್ಷೇತ್ರಕಾರ್ಯವನ್ನೂ ಆಧರಿಸಿ ಸಮುದಾಯಗಳ ಕೂಡುಬಾಳನ್ನು ಅಧ್ಯಯನ ಮಾಡಿದ ಗ್ರಂಥ.

2009ರ ಕಾಯ್ದೆಯಡಿ ಸ್ಥಾಪನೆಯಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯದ ಆವರಣವು ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿದೆ. ಇದರಿಂದಾಗಿ ಮಹಾರಾಷ್ಟ್ರದ ಗಡಿಗೆ ಹೊಂದಿಕೊಂಡ ತಾಲ್ಲೂಕೊಂದು ಸ್ವತಃ ಉನ್ನತ ಅಧ್ಯಯನದ ಕೇಂದ್ರವಾಯಿತು. ಗುಲಬರ್ಗಾ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿದ್ದ ಪ್ರದೇಶದಲ್ಲಿ ಮುಂದೆ ಬಳ್ಳಾರಿ, ರಾಯಚೂರು ಮತ್ತು ಬೀದರ್‌ಗಳಲ್ಲಿ ಪ್ರತ್ಯೇಕ ವಿಶ್ವವಿದ್ಯಾಲಯಗಳು ಹುಟ್ಟಿಕೊಂಡವು.

ಖಾಸಗಿ ಪ್ರಕಾಶನಗಳು ಮತ್ತು ಮಠಗಳು

ಕಲಬುರಗಿಯ ಶ್ರೀ ಸಿದ್ಧಲಿಂಗೇಶ್ವರ ಬುಕ್ ಡಿಪೋ ಮತ್ತು ಪ್ರಕಾಶನವು ಈ ಭಾಗದ ಲೇಖಕರ ಕೃತಿಗಳನ್ನು ಹೊರತರುತ್ತಿರುವ ಪ್ರಮುಖ ಖಾಸಗಿ ಸಂಸ್ಥೆ. ಬಳ್ಳಾರಿಯ ಲೋಹಿಯಾ ಪ್ರಕಾಶನವು ಸಾಹಿತ್ಯದ ಜೊತೆಗೆ ಸಮಾಜವಾದಿ ಚಿಂತನೆಯ ಕೃತಿಗಳಿಗೆ ಹೆಸರಾಗಿದೆ. 1960ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ನವಕರ್ನಾಟಕ ಪ್ರಕಾಶನವು ರಾಜ್ಯಮಟ್ಟದಲ್ಲಿ ಸಮಾಜ ವಿಜ್ಞಾನದ ಪುಸ್ತಕಗಳನ್ನು ಪ್ರಕಟಿಸುತ್ತ ಬಂದಿದೆ.

ಉತ್ತರ ಕರ್ನಾಟಕದ ಲಿಂಗಾಯತ ಮಠಗಳು ಗ್ರಂಥ ಪ್ರಕಟಣೆಯಲ್ಲಿಯೂ ತೊಡಗಿವೆ. ಗದಗಿನ ತೋಂಟದಾರ್ಯ ಮಠದ ಅಧ್ಯಯನ ಸಂಸ್ಥೆಯು ಸಂಶೋಧನ ಗ್ರಂಥಗಳನ್ನೂ ಹೋರಾಟಗಾರರು ಮತ್ತು ವಿದ್ವಾಂಸರ ಜೀವನಚರಿತ್ರೆಗಳನ್ನೂ ಪ್ರಕಟಿಸಿದೆ. ಈ ಭಾಗದ ಇನ್ನೊಂದು ವಿಶಿಷ್ಟ ಪ್ರಕಾರವೆಂದರೆ ಅಭಿನಂದನ ಗ್ರಂಥ ಮತ್ತು ಸಂಸ್ಮರಣ ಗ್ರಂಥ. ಮಠಾಧೀಶರು, ಶಿಕ್ಷಣ ಸಂಸ್ಥೆಗಳ ಸ್ಥಾಪಕರು ಹಾಗೂ ರಾಜಕಾರಣಿಗಳ ಗೌರವಾರ್ಥ ಹೊರಬರುವ ಇಂತಹ ಸಂಪುಟಗಳಲ್ಲಿ ಪ್ರಶಂಸೆಯ ಲೇಖನಗಳ ಜೊತೆಗೆ ಸ್ಥಳೀಯ ಚುನಾವಣೆ, ಸಹಕಾರ ಸಂಘ, ನೀರಾವರಿ ಮತ್ತು ಶಾಲೆಗಳ ಕುರಿತು ಬೇರೆಲ್ಲಿಯೂ ದೊರೆಯದ ಮಾಹಿತಿ ಇರುವುದುಂಟು. ಗೌರವಕ್ಕಾಗಿ ಸಿದ್ಧವಾದ ಗ್ರಂಥವಾದ್ದರಿಂದ ಭಿನ್ನಮತ ಮತ್ತು ವೈಫಲ್ಯಗಳ ದಾಖಲೆ ಅದರಲ್ಲಿ ವಿರಳ. ಸಂಶೋಧಕರು ಇವುಗಳನ್ನು ಬಳಸುವಾಗ ಪತ್ರಿಕಾ ವರದಿ, ಚುನಾವಣಾ ದಾಖಲೆಗಳೊಡನೆ ಹೋಲಿಸಿ ನೋಡಬೇಕಾಗುತ್ತದೆ.

ಮಹಾಪ್ರಬಂಧದಿಂದ ಪುಸ್ತಕದವರೆಗೆ

ಪ್ರಾದೇಶಿಕ ವಿಷಯಗಳ ವಿದ್ವತ್ ಗ್ರಂಥಗಳಲ್ಲಿ ಗಣನೀಯ ಭಾಗವು ಪಿಎಚ್.ಡಿ. ಪದವಿಗಾಗಿ ಬರೆದ ಮಹಾಪ್ರಬಂಧಗಳ ಪರಿಷ್ಕೃತ ರೂಪವಾಗಿದೆ. ಪದವಿ ದೊರೆತ ನಂತರ ಲೇಖಕರು ಕೋಷ್ಟಕ ಮತ್ತು ಅನುಬಂಧಗಳನ್ನು ಮೊಟಕುಗೊಳಿಸಿ, ಮಾರ್ಗದರ್ಶಕರ ಅಥವಾ ಹಿರಿಯ ವಿದ್ವಾಂಸರ ಮುನ್ನುಡಿಯೊಡನೆ ಪ್ರಕಾಶಕರಿಗೆ ನೀಡುತ್ತಾರೆ. ಪ್ರಸಾರಾಂಗಗಳು ಹಸ್ತಪ್ರತಿಯನ್ನು ತಜ್ಞರ ಪರಿಶೀಲನೆಗೆ ಕಳುಹಿಸುವ ಪದ್ಧತಿ ಇದೆ. ಸಣ್ಣ ಖಾಸಗಿ ಪ್ರಕಾಶನಗಳಲ್ಲಿ ಆಯ್ಕೆಯು ಪ್ರಕಾಶಕರ ತೀರ್ಮಾನವನ್ನು ಅವಲಂಬಿಸಿರುತ್ತದೆ. ಮುದ್ರಣದ ವೆಚ್ಚವನ್ನು ಪೂರ್ಣವಾಗಿ ಅಥವಾ ಭಾಗಶಃ ಲೇಖಕರೇ ಭರಿಸುವುದೂ ಸಾಮಾನ್ಯ.

ವಿಶ್ವವಿದ್ಯಾಲಯ ಅನುದಾನ ಆಯೋಗವು 2010ರ ನಿಯಮಗಳಲ್ಲಿ ಅಧ್ಯಾಪಕರ ನೇಮಕ ಮತ್ತು ಬಡ್ತಿಗೆ ಅಂಕಪದ್ಧತಿಯನ್ನು ಜಾರಿಗೊಳಿಸಿತು. 2018ರಲ್ಲಿ ಇದನ್ನು ಪರಿಷ್ಕರಿಸಲಾಯಿತು. ಪುಸ್ತಕ, ಅಧ್ಯಾಯ ಮತ್ತು ಸಂಶೋಧನ ಲೇಖನಗಳಿಗೆ ಅಂಕಗಳು ದೊರೆಯುವ ಕಾರಣ ಐಎಸ್‌ಬಿಎನ್ ಸಂಖ್ಯೆಯುಳ್ಳ ಸಂಪಾದಿತ ಸಂಪುಟಗಳಿಗೆ ಬೇಡಿಕೆ ಹೆಚ್ಚಿತು. ಭಾರತದಲ್ಲಿ ಈ ಸಂಖ್ಯೆಯನ್ನು ರಾಜಾ ರಾಮಮೋಹನ ರಾಯ್ ಹೆಸರಿನ ರಾಷ್ಟ್ರೀಯ ಸಂಸ್ಥೆಯು ಉಚಿತವಾಗಿ ನೀಡುತ್ತದೆ. ಅದು ಪುಸ್ತಕವನ್ನು ಗುರುತಿಸುವ ಸಂಖ್ಯೆ ಮಾತ್ರ. ಒಳಗಿನ ಸಂಶೋಧನೆಯ ಗುಣಮಟ್ಟಕ್ಕೆ ಅದು ಪ್ರಮಾಣವಲ್ಲ.

ಕನ್ನಡ ವಿದ್ವತ್ ಗ್ರಂಥಗಳು ಸಾಮಾನ್ಯವಾಗಿ ಡೆಮಿ 1/8 ಆಕಾರದಲ್ಲಿ, 70 ಜಿಎಸ್‌ಎಂ ಮ್ಯಾಪ್‌ಲಿಥೊ ಕಾಗದದಲ್ಲಿ ಮುದ್ರಣಗೊಳ್ಳುತ್ತವೆ. ಶೀರ್ಷಿಕೆ ಪುಟದ ಹಿಂಬದಿಯಲ್ಲಿ ಮುದ್ರಣದ ವರ್ಷ, ಪ್ರತಿಗಳ ಸಂಖ್ಯೆ, ಪುಟಗಳು, ಬೆಲೆ ಮತ್ತು ಕಾಗದದ ವಿವರ ನೀಡುವುದು ರೂಢಿ. ಪ್ರಥಮ ಮುದ್ರಣದ ಪ್ರತಿಗಳ ಸಂಖ್ಯೆ ಹಿಂದೆ ಸಾಮಾನ್ಯವಾಗಿ 1000 ಇರುತ್ತಿತ್ತು. ಡಿಜಿಟಲ್ ಮುದ್ರಣ ಬಂದ ಮೇಲೆ ಇನ್ನೂ ಕಡಿಮೆ ಪ್ರತಿಗಳನ್ನು ಅಚ್ಚು ಹಾಕಿಸುವುದು ಸಾಧ್ಯವಾಗಿದೆ.

ಖರೀದಿ ಮತ್ತು ವಿತರಣೆ

ಕನ್ನಡ ವಿದ್ವತ್ ಗ್ರಂಥಗಳಿಗೆ ಬಿಡಿ ಓದುಗರಿಗಿಂತ ಗ್ರಂಥಾಲಯಗಳೇ ದೊಡ್ಡ ಗ್ರಾಹಕ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆಯಡಿ ನಡೆಯುವ ಸಾರ್ವಜನಿಕ ಗ್ರಂಥಾಲಯ ಇಲಾಖೆಯು ಆಯ್ಕೆ ಸಮಿತಿಯ ಮೂಲಕ ಪುಸ್ತಕಗಳನ್ನು ಸಗಟಾಗಿ ಖರೀದಿಸುತ್ತದೆ. ಬೆಲೆಯನ್ನು ಪುಟವೊಂದಕ್ಕೆ ಇಂತಿಷ್ಟು ಎಂಬ ದರದಲ್ಲಿ ನಿಗದಿಪಡಿಸಲಾಗುತ್ತದೆ. ಸಣ್ಣ ಪ್ರಕಾಶಕರ ಬಂಡವಾಳವು ಈ ಖರೀದಿಯಿಂದಲೇ ಮರಳಿ ಬರುವುದರಿಂದ, ಖರೀದಿ ಅಥವಾ ಹಣ ಪಾವತಿ ತಡವಾದ ವರ್ಷಗಳಲ್ಲಿ ಹೊಸ ಶೀರ್ಷಿಕೆಗಳ ಪ್ರಕಟಣೆಯೂ ಕುಂಠಿತಗೊಳ್ಳುತ್ತದೆ. 1993ರಲ್ಲಿ ಸ್ಥಾಪನೆಯಾದ ಕನ್ನಡ ಪುಸ್ತಕ ಪ್ರಾಧಿಕಾರವು ಯುವ ಬರಹಗಾರರ ಮೊದಲ ಕೃತಿಗಳಿಗೆ ಪ್ರೋತ್ಸಾಹಧನ, ಸಗಟು ಖರೀದಿ ಮತ್ತು ಪುಸ್ತಕ ಮೇಳಗಳ ಮೂಲಕ ನೆರವು ನೀಡುತ್ತದೆ.

ಪುಸ್ತಕ ಒಪ್ಪಿಸುವಿಕೆಯ ಕುರಿತ 1954ರ ಕೇಂದ್ರ ಕಾಯ್ದೆಯ ಪ್ರಕಾರ ಪ್ರತಿ ಪ್ರಕಾಶಕರೂ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಇತರ ನಿಗದಿತ ಗ್ರಂಥಾಲಯಗಳಿಗೂ ಪ್ರತಿಗಳನ್ನು ಕಳುಹಿಸಬೇಕು. ಜಿಲ್ಲಾ ಕೇಂದ್ರದ ಸಣ್ಣ ಪ್ರಕಾಶಕರು ಹೊರತಂದ ಪುಸ್ತಕವು ಹೀಗೆ ಸಲ್ಲಿಕೆಯಾಗದೆ ಉಳಿದರೆ, ಮುಂದಿನ ತಲೆಮಾರಿನ ಸಂಶೋಧಕರಿಗೆ ಅದು ಗ್ರಂಥಸೂಚಿಯಲ್ಲಿಯೂ ಸಿಗುವುದಿಲ್ಲ.

ಓದುಗರ ಸಂಖ್ಯೆಯೂ ಒಂದು ಮಿತಿಯಾಗಿದೆ. 2011ರ ಜನಗಣತಿಯಂತೆ ರಾಜ್ಯದ ಸಾಕ್ಷರತಾ ಪ್ರಮಾಣ ಶೇ. 75.36 ಇದ್ದಾಗ ಕಲಬುರಗಿ ಜಿಲ್ಲೆಯಲ್ಲಿ ಅದು ಶೇ. 64.85 ಮತ್ತು ಯಾದಗಿರಿ ಜಿಲ್ಲೆಯಲ್ಲಿ ಶೇ. 51.83 ಆಗಿತ್ತು.

ಪ್ರಮುಖ ವಿಷಯಗಳು

ಹೈದರಾಬಾದ್ ವಿಮೋಚನೆಯು ಈ ಪ್ರದೇಶದ ರಾಜಕೀಯ ಬರವಣಿಗೆಯ ಹಳೆಯ ಹಾಗೂ ವಿವಾದಾತ್ಮಕ ವಿಷಯ. ಕನ್ನಡದಲ್ಲಿ ಹೋರಾಟಗಾರರ ಆತ್ಮಕಥನಗಳು ಮತ್ತು ಜಿಲ್ಲಾವಾರು ಚಳವಳಿಯ ಇತಿಹಾಸಗಳು ಹೆಚ್ಚಾಗಿ ರಜಾಕಾರರ ದೌರ್ಜನ್ಯ ಮತ್ತು ಅದರ ವಿರುದ್ಧದ ಪ್ರತಿರೋಧವನ್ನು ವಿವರಿಸುತ್ತವೆ. 1948ರ ಸೇನಾ ಕಾರ್ಯಾಚರಣೆಯ ನಂತರ ಮುಸ್ಲಿಮರ ಮೇಲೆ ನಡೆದ ಹಿಂಸೆಯನ್ನು ಪರಿಶೀಲಿಸಲು ಕೇಂದ್ರ ಸರ್ಕಾರವು ಪಂಡಿತ ಸುಂದರಲಾಲ್ ಅವರ ನೇತೃತ್ವದ ತಂಡವನ್ನು ಕಳುಹಿಸಿತ್ತು. ಗುಲಬರ್ಗಾ ಮತ್ತು ಬೀದರ್ ಜಿಲ್ಲೆಗಳನ್ನೂ ಒಳಗೊಂಡ ಈ ತಂಡದ ವರದಿಯು ಹಲವು ದಶಕಗಳ ಕಾಲ ಅಧಿಕೃತವಾಗಿ ಪ್ರಕಟವಾಗಲಿಲ್ಲ. ಇತ್ತೀಚಿನ ವರ್ಷಗಳಲ್ಲಿ ಟೇಲರ್ ಶೆರ್ಮನ್, ಸುನಿಲ್ ಪುರುಷೋತ್ತಮ್, ಅಫ್ಸರ್ ಮೊಹಮ್ಮದ್ ಮೊದಲಾದವರ ಇಂಗ್ಲಿಷ್ ಅಧ್ಯಯನಗಳು ವಿದೇಶಿ ವಿಶ್ವವಿದ್ಯಾಲಯಗಳ ಪ್ರಕಾಶನಗಳಿಂದ ಬಂದು ಈ ಘಟ್ಟವನ್ನು ಚರ್ಚೆಗೆ ತಂದಿವೆ. ಒಂದೇ ವರ್ಷದ ಎರಡು ನೋವಿನ ಕಥನಗಳು ಎರಡು ಭಾಷೆಗಳ ಗ್ರಂಥಗಳಲ್ಲಿ ಬೇರೆಬೇರೆಯಾಗಿ ದಾಖಲಾಗಿವೆ.

ಜಾತಿ, ಧರ್ಮ ಮತ್ತು ಮೀಸಲಾತಿ ಇನ್ನೊಂದು ಮುಖ್ಯ ವಿಷಯ. ಲಿಂಗಾಯತ ಪ್ರತ್ಯೇಕ ಧರ್ಮದ ಬೇಡಿಕೆ, ಕೋಲಿ ಮತ್ತು ಕಬ್ಬಲಿಗ ಸಮುದಾಯಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸುವ ಬೇಡಿಕೆ, ಪರಿಶಿಷ್ಟ ಜಾತಿಗಳ ಒಳಮೀಸಲಾತಿ ಮತ್ತು ಲಂಬಾಣಿ ತಾಂಡಾಗಳ ಸ್ಥಿತಿಗತಿ ಕುರಿತು ಪುಸ್ತಕಗಳು ಹಾಗೂ ವರದಿಗಳು ಬಂದಿವೆ. ಇಂತಹ ವಿಷಯಗಳ ಬರವಣಿಗೆಯು ವಿದ್ವತ್ ವಲಯದಲ್ಲಿಯೇ ಉಳಿಯದೆ ಸಾರ್ವಜನಿಕ ವಿವಾದವಾಗಿಯೂ ಬೆಳೆಯುತ್ತದೆ. ಅಫಜಲಪುರಕ್ಕೆ ನೆರೆಯ ಸಿಂದಗಿ ಭಾಗದಲ್ಲಿ ಬೆಳೆದ ಸಂಶೋಧಕ ಎಂ. ಎಂ. ಕಲಬುರ್ಗಿ ಅವರ ‘ಮಾರ್ಗ’ ಸಂಪುಟದ ಕೆಲವು ಲೇಖನಗಳು 1980ರ ದಶಕದ ಕೊನೆಯಲ್ಲಿ ತೀವ್ರ ವಿರೋಧ ಎದುರಿಸಿದವು. ಒತ್ತಡಕ್ಕೆ ಸಿಲುಕಿ ಅವರು ತಮ್ಮ ನಿಲುವನ್ನು ಹಿಂತೆಗೆದುಕೊಳ್ಳಬೇಕಾಯಿತು. 2015ರ ಆಗಸ್ಟ್ 30ರಂದು ಧಾರವಾಡದ ಮನೆಯಲ್ಲಿ ಅವರ ಹತ್ಯೆಯಾಯಿತು.

ಚುನಾವಣಾ ರಾಜಕೀಯದ ಅಧ್ಯಯನಗಳಲ್ಲಿ ವೀರೇಂದ್ರ ಪಾಟೀಲ, ಎನ್. ಧರ್ಮಸಿಂಗ್ ಮತ್ತು ಮಲ್ಲಿಕಾರ್ಜುನ ಖರ್ಗೆ ಅವರಂತಹ ನಾಯಕರು ಈ ಭಾಗದಿಂದ ರಾಜ್ಯ ಹಾಗೂ ರಾಷ್ಟ್ರ ಮಟ್ಟಕ್ಕೆ ಏರಿಯೂ ಪ್ರದೇಶ ಹಿಂದುಳಿದೇ ಉಳಿದದ್ದೇಕೆ ಎಂಬ ಪ್ರಶ್ನೆ ಪದೇಪದೇ ಚರ್ಚೆಗೆ ಬರುತ್ತದೆ. ಇಡೀ ರಾಜ್ಯದ ರಾಜಕೀಯವನ್ನು ಕುರಿತು ಇ. ರಾಘವನ್ ಮತ್ತು ಜೇಮ್ಸ್ ಮ್ಯಾನರ್ ಅವರು ಬರೆದ 2009ರ ಇಂಗ್ಲಿಷ್ ಗ್ರಂಥದಂತಹ ಕೃತಿಗಳಲ್ಲಿ ಈ ಪ್ರದೇಶವು ರಾಜ್ಯ ರಾಜಕೀಯದ ಒಂದು ಭಾಗವಾಗಿ ಬರುತ್ತದೆ. ತೊಗರಿ ಬೆಳೆಗಾರರ ಸಂಕಷ್ಟ, ಮುಂಬೈ, ಪುಣೆ ಮತ್ತು ಬೆಂಗಳೂರಿಗೆ ದುಡಿಯಲು ಗುಳೆ ಹೋಗುವುದು ಹಾಗೂ ಭೀಮಾ ನದಿಯ ನೀರು ಆರ್ಥಿಕ ಅಧ್ಯಯನಗಳಲ್ಲಿ ಕಾಣುವ ವಿಷಯಗಳು.

ಗ್ರಾಮ ಅಧ್ಯಯನದ ಕೊರತೆ

ಕರ್ನಾಟಕದ ಸಮಾಜಶಾಸ್ತ್ರದಲ್ಲಿ ಪ್ರಸಿದ್ಧವಾದ ಗ್ರಾಮ ಅಧ್ಯಯನಗಳು ರಾಜ್ಯದ ಇತರ ಭಾಗಗಳಿಗೆ ಸಂಬಂಧಿಸಿವೆ. ಎಂ. ಎನ್. ಶ್ರೀನಿವಾಸ್ ಅವರ ರಾಂಪುರ ಮೈಸೂರಿನ ಸಮೀಪದ ಹಳ್ಳಿ. ಸ್ಕಾರ್ಲೆಟ್ ಎಪ್‌ಸ್ಟೈನ್ 1962ರ ಗ್ರಂಥದಲ್ಲಿ ಅಧ್ಯಯನ ಮಾಡಿದ ವಂಗಲ ಮತ್ತು ದಲೇನ ಮಂಡ್ಯ ಭಾಗದವು. ಕೆ. ಈಶ್ವರನ್ ಅವರ ಶಿವಾಪುರ ಧಾರವಾಡದ ಬಳಿಯದು. ಒಂದು ಹಳ್ಳಿಯಲ್ಲಿ ದೀರ್ಘಕಾಲ ನೆಲೆಸಿ ಬರೆದ, ಇವುಗಳಷ್ಟು ಪ್ರಸಿದ್ಧವಾದ ಗ್ರಂಥ ಕಲಬುರಗಿ ಜಿಲ್ಲೆಯ ಕುರಿತು ಬಂದಿಲ್ಲ. ಹೀಗಾಗಿ ಕರ್ನಾಟಕದ ಹಳ್ಳಿ ಎಂದಾಗ ಪಠ್ಯಪುಸ್ತಕಗಳಲ್ಲಿ ಮೂಡುವ ಚಿತ್ರವು ಬಹುಮಟ್ಟಿಗೆ ಕಾವೇರಿ ಬಯಲಿನ ನೀರಾವರಿ ಹಳ್ಳಿಯದಾಗಿದೆ.

ಆಳಂದ ತಾಲ್ಲೂಕಿನ ಹೋಬಳಿ ಕೇಂದ್ರವಾದ ಮಾದನಹಿಪ್ಪರಗಾ ಈ ಕೊರತೆಯನ್ನು ಅರಿಯಲು ಒಂದು ಉದಾಹರಣೆ. ಗಡಿಯಾಚೆಯ ಮಹಾರಾಷ್ಟ್ರದ ಅಕ್ಕಲಕೋಟ ತಾಲ್ಲೂಕಿನಲ್ಲಿ ಕನ್ನಡಿಗರು ಗಣನೀಯ ಸಂಖ್ಯೆಯಲ್ಲಿದ್ದಾರೆ. ಗಡಿ ವಿವಾದದ ಕುರಿತು 1967ರಲ್ಲಿ ವರದಿ ನೀಡಿದ ಮಹಾಜನ ಆಯೋಗವು ಅಕ್ಕಲಕೋಟವನ್ನು ಕರ್ನಾಟಕಕ್ಕೆ ಸೇರಿಸಲು ಶಿಫಾರಸು ಮಾಡಿತ್ತು. ಇಂತಹ ಭಾಗದಲ್ಲಿ ಕನ್ನಡ, ಮರಾಠಿ, ಉರ್ದು ಮತ್ತು ಲಂಬಾಣಿ ಭಾಷಿಕರ ಒಡನಾಟ, ಗಡಿ ದಾಟಿದ ನೆಂಟಸ್ತನ, ಸೊಲ್ಲಾಪುರದ ಮಾರುಕಟ್ಟೆಯೊಡನೆ ಇರುವ ವ್ಯವಹಾರ ಮತ್ತು ದುಡಿಮೆಗಾಗಿ ಗುಳೆ ಹೋಗುವಿಕೆ ಒಟ್ಟೊಟ್ಟಿಗೆ ಅಧ್ಯಯನಕ್ಕೆ ಒಳಪಡಬೇಕಾದ ವಿಷಯಗಳು. ತಾಲ್ಲೂಕಿನ ಸೂಚ್ಯಂಕದಲ್ಲಿ ಇವುಗಳಿಗೆ ಸ್ಥಳವಿಲ್ಲ. ಸೂಚ್ಯಂಕವು ಆಳಂದ ಪಟ್ಟಣವನ್ನೂ ಗಡಿಯಂಚಿನ ಹಳ್ಳಿಯನ್ನೂ ಒಂದೇ ಅಂಕದಲ್ಲಿ ಸೇರಿಸುತ್ತದೆ. ಜೊತೆಗೆ ನಂಜುಂಡಪ್ಪ ವರದಿಯ ಕಾಲದ ತಾಲ್ಲೂಕುಗಳ ಮೇರೆಯೂ ಬದಲಾಗಿದೆ. ಉದಾಹರಣೆಗೆ, ಅಂದಿನ ಜೇವರ್ಗಿ ತಾಲ್ಲೂಕಿನಿಂದ ಯಡ್ರಾಮಿ ಪ್ರತ್ಯೇಕ ತಾಲ್ಲೂಕಾಗಿದೆ. ಹಳೆಯ ಅಂಕಿಅಂಶಗಳನ್ನು ಹೊಸ ತಾಲ್ಲೂಕುಗಳೊಡನೆ ನೇರವಾಗಿ ಹೋಲಿಸಲು ಇದರಿಂದ ಸಾಧ್ಯವಾಗುವುದಿಲ್ಲ.

ಆಕರಗಳ ಭಾಷೆಯೂ ಸಂಶೋಧನೆಗೆ ತೊಡಕಾಗಿದೆ. ನಿಜಾಮರ ಕಾಲದ ಆಡಳಿತ ಮತ್ತು ಕಂದಾಯ ದಾಖಲೆಗಳು ಉರ್ದುವಿನಲ್ಲಿವೆ, ಅವುಗಳ ದೊಡ್ಡ ಸಂಗ್ರಹ ಹೈದರಾಬಾದಿನ ಪತ್ರಾಗಾರದಲ್ಲಿದೆ. ಗಡಿಭಾಗದ ಕೆಲವು ಹಳೆಯ ಕಾಗದಪತ್ರಗಳು ಮೋಡಿ ಲಿಪಿಯಲ್ಲಿವೆ. ಜಮೀನಿನ ಒಡೆತನದ ಬದಲಾವಣೆಯನ್ನು ಅರಿಯಬಯಸುವ ಕನ್ನಡ ಸಂಶೋಧಕರು ಈ ಭಾಷೆ ಹಾಗೂ ಲಿಪಿಗಳನ್ನು ಕಲಿಯಬೇಕಾಗುತ್ತದೆ ಅಥವಾ ಬಲ್ಲವರನ್ನು ಅವಲಂಬಿಸಬೇಕಾಗುತ್ತದೆ.

ಡಿಜಿಟಲ್ ಲಭ್ಯತೆ

ಮಹಾಪ್ರಬಂಧಗಳ ವಿದ್ಯುನ್ಮಾನ ಪ್ರತಿಯನ್ನು ಸಲ್ಲಿಸಬೇಕೆಂಬ ವಿಶ್ವವಿದ್ಯಾಲಯ ಅನುದಾನ ಆಯೋಗದ 2009ರ ನಿಯಮದ ನಂತರ ‘ಶೋಧಗಂಗಾ’ ಭಂಡಾರವು ಬೆಳೆಯಿತು. ಗುಲಬರ್ಗಾ ವಿಶ್ವವಿದ್ಯಾಲಯದ ಅನೇಕ ಮಹಾಪ್ರಬಂಧಗಳು ಅಲ್ಲಿ ಉಚಿತವಾಗಿ ಲಭ್ಯವಿವೆ. ಪುಸ್ತಕರೂಪದಲ್ಲಿ ಪ್ರಕಟವಾಗದ ಅಧ್ಯಯನಗಳನ್ನು ಓದಲು ಇದು ವಿದ್ಯಾರ್ಥಿಗಳಿಗೆ ಮುಖ್ಯ ದಾರಿಯಾಗಿದೆ.

ಕನ್ನಡ ಗ್ರಂಥಗಳ ವಿಷಯದಲ್ಲಿ ಅಕ್ಷರಶೈಲಿಯ ಸಮಸ್ಯೆಯೊಂದು ಉಳಿದಿದೆ. ನುಡಿ, ಬರಹ, ಶ್ರೀಲಿಪಿ ಮೊದಲಾದ ತಂತ್ರಾಂಶಗಳ ಹಳೆಯ ಸಂಕೇತಗಳಲ್ಲಿ ಪುಟವಿನ್ಯಾಸಗೊಂಡ ಕಡತಗಳು ಯುನಿಕೋಡ್‌ಗೆ ಪರಿವರ್ತನೆಯಾಗದ ಹೊರತು ಶೋಧಕ್ಕೆ ಸಿಗುವುದಿಲ್ಲ. ಪರಿವರ್ತನೆಯಲ್ಲಿ ಒತ್ತಕ್ಷರ ಹಾಗೂ ಅರ್ಕಾವತ್ತುಗಳು ತಪ್ಪಾಗುವ ಸಂಭವವಿರುವುದರಿಂದ ಮತ್ತೊಮ್ಮೆ ಕರಡು ತಿದ್ದಬೇಕಾಗುತ್ತದೆ. ಸ್ಕ್ಯಾನ್ ಮಾಡಿದ ಚಿತ್ರರೂಪದ ಪ್ರಬಂಧಗಳಲ್ಲಿಯೂ ಊರಿನ ಹೆಸರನ್ನು ಹುಡುಕಿ ಪುಟವನ್ನು ತಲುಪುವುದು ಕಷ್ಟ.

ಇತರ ಪ್ರದೇಶಗಳೊಡನೆ ಹೋಲಿಕೆ

ಹೈದರಾಬಾದ್ ಸಂಸ್ಥಾನದ ಉಳಿದೆರಡು ಭಾಗಗಳಾದ ತೆಲಂಗಾಣ ಮತ್ತು ಮರಾಠವಾಡಗಳಲ್ಲಿಯೂ ಹಿಂದುಳಿದಿರುವಿಕೆಯ ಅಧ್ಯಯನಗಳು ರಾಜಕೀಯದೊಡನೆ ಬೆಸೆದುಕೊಂಡಿವೆ. ಮಹಾರಾಷ್ಟ್ರದಲ್ಲಿ ವಿ. ಎಂ. ದಾಂಡೇಕರ್ ಸಮಿತಿಯು 1984ರಲ್ಲಿ ಪ್ರಾದೇಶಿಕ ಅಸಮತೋಲನದ ಕುರಿತು ವರದಿ ನೀಡಿತು. ತೆಲಂಗಾಣದಲ್ಲಿ ನೀರು, ನಿಧಿ ಮತ್ತು ಉದ್ಯೋಗಗಳ ಹಂಚಿಕೆಯ ಲೆಕ್ಕಾಚಾರವು ಪ್ರತ್ಯೇಕ ರಾಜ್ಯದ ಹೋರಾಟಕ್ಕೆ ಆಧಾರವಾಗಿ, 2014ರಲ್ಲಿ ಹೊಸ ರಾಜ್ಯ ರಚನೆಯಾಯಿತು. ಕಲ್ಯಾಣ ಕರ್ನಾಟಕದಲ್ಲಿ ಬೇಡಿಕೆಯು ಮುಖ್ಯವಾಗಿ ರಾಜ್ಯದೊಳಗಿನ ವಿಶೇಷ ಸ್ಥಾನಮಾನದ ರೂಪ ಪಡೆಯಿತು. ಮೂರೂ ಭಾಗಗಳ ಅಧ್ಯಯನಗಳು ಮೂರು ಬೇರೆ ಭಾಷೆಗಳಲ್ಲಿ ಇರುವುದರಿಂದ, ಒಂದು ಕಾಲದಲ್ಲಿ ಒಂದೇ ಆಡಳಿತದಲ್ಲಿದ್ದ ನೆರೆಯ ಜಿಲ್ಲೆಗಳ ತುಲನಾತ್ಮಕ ಅಧ್ಯಯನಕ್ಕೆ ಅನುವಾದ ಅಗತ್ಯವಾಗಿದೆ.

ಇವನ್ನೂ ನೋಡಿ

ಕಲ್ಯಾಣ ಕರ್ನಾಟಕ
ಸಂವಿಧಾನದ 371(ಜೆ) ವಿಧಿ
ಗುಲಬರ್ಗಾ ವಿಶ್ವವಿದ್ಯಾಲಯ
ಕನ್ನಡ ವಿಶ್ವವಿದ್ಯಾಲಯ, ಹಂಪಿ
ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ
ಡಿ. ಎಂ. ನಂಜುಂಡಪ್ಪ
ಆಳಂದ
ಮಾದನಹಿಪ್ಪರಗಾ